ಡ್ರ್ಯಾಗನ್‌ಗೆ ಬೇಡ ಅನ್ನೋ ಹಕ್ಕು ಇದ್ಯಾ? ಓದುಗರ ಜಗಳದ ಬುಡ ಅಲ್ಲೇ ಇರೋದು

ಎರಗಾನ್ ಕಾದಂಬರಿಲಿ ಹುಡುಗ ತನ್ನ ಡ್ರ್ಯಾಗನ್‌ಗೆ ಹೆಸರಿಡೋ ಒಂದು ಚಿಕ್ಕ ಸೀನ್ ಬರತ್ತೆ. ಊರಿನ ಮುದುಕ ಕಥೆಗಾರ ಬ್ರಾಮ್ ಹತ್ರ ಹಳೇ ಕಾಲದ ಡ್ರ್ಯಾಗನ್‌ಗಳ ಹೆಸರು ಕೇಳಿ ತಿಳ್ಕೊಂಡಿರ್ತಾನೆ, ಅವನ್ನ ಅದರ ಮುಂದೆ ಒಂದೊಂದಾಗಿ ಹೇಳ್ತಾ ಹೋಗ್ತಾನೆ, ಅದು ಒಂದನ್ನೂ ಒಪ್ಪಲ್ಲ, ಬೇಡ ಬೇಡ ಅಂತಾನೇ ಇರತ್ತೆ, ಇವನಿಗೆ ತಲೆ ಕೆಟ್ಟು ಹೋಗತ್ತೆ, ಆಮೇಲೆ ಹೊಳೆಯತ್ತೆ ತಾನು ಹೇಳ್ತಿರೋದೆಲ್ಲ ಗಂಡು ಹೆಸರು, ಎದುರಿಗಿರೋದು ಹೆಣ್ಣು ಅಂತ. ಸಫೀರಾ ಅಂದಾಗ ಒಪ್ಕೊಳತ್ತೆ. ಆ ಪುಸ್ತಕದಲ್ಲಿ ನನಗೆ ಎಷ್ಟೋ ಯುದ್ಧ, ಎಷ್ಟೋ ಊರಿನ ಹೆಸರು ಮರೆತು ಹೋಗಿದೆ, ಈ ಬೇಡ ಅನ್ನೋದು ಮಾತ್ರ ಹಾಗೇ ಮನಸ್ಸಲ್ಲಿ ಕೂತಿದೆ.

ಡ್ರ್ಯಾಗನ್‌ಗೂ ಮನುಷ್ಯನಿಗೂ ಮನಸ್ಸಿನ ನಂಟು ಬೆಸೆಯೋ, ಅಂದ್ರೆ ಡ್ರ್ಯಾಗನ್ ಬಾಂಡಿಂಗ್ ಇರೋ ಯಂಗ್ ಅಡಲ್ಟ್ (ಹದಿಹರೆಯದವರಿಗೆ ಅಂತ ಬರೆದ) ಫ್ಯಾಂಟಸಿ ಯಾವುದೇ ಬರಲಿ, ಓದಿದವರು ಎರಡು ಬಣ ಆಗ್ತಾರೆ. ಒಂದು ಬಣಕ್ಕೆ ಅದು ಊಟ ನಿದ್ದೆ ಬಿಟ್ಟು ಮುಗಿಸೋ ಪುಸ್ತಕ, ಇನ್ನೊಂದು ಬಣಕ್ಕೆ ಹಳಸಿದ ಅನ್ನ. ಮೇಲಿಂದ ನೋಡಿದ್ರೆ ಜಗಳ ಭಾಷೆ ಬಗ್ಗೆ, ಕಥೆ ನಿಧಾನ ಅನ್ನೋದ್ರ ಬಗ್ಗೆ, ಹೀರೋಯಿನ್‌ಗೆ ಎಲ್ಲಾ ಸುಲಭಕ್ಕೆ ಸಿಗತ್ತೆ ಅನ್ನೋದ್ರ ಬಗ್ಗೆ, ಮಧ್ಯದಲ್ಲಿ ತುರುಕಿದ ಲವ್ ಸ್ಟೋರಿ ಬಗ್ಗೆ. ಇವೆಲ್ಲ ನಿಜವಾದ ದೂರುಗಳೇ, ಇಲ್ಲ ಅನ್ನಲ್ಲ. ಆದ್ರೆ ಇಷ್ಟು ವರ್ಷ ಈ ಥರದ ಪುಸ್ತಕಗಳನ್ನ ಓದಿ, ಓದಿದವರ ಮಾತು ಕೇಳಿ ನನಗೆ ಅನ್ಸಿರೋದು ಬೇರೆ. ಜನ ನಿಜವಾಗ್ಲೂ ಕಿತ್ತಾಡೋದು ಆ ನಂಟಿನ ಬಗ್ಗೆ. ಅದು ಹೆಂಗೆ ಹುಟ್ಟಿತು, ಅದರಲ್ಲಿ ಡ್ರ್ಯಾಗನ್‌ಗೆ ಸ್ವಂತ ಮನಸ್ಸು ಅಂತ ಇದ್ಯಾ, ಅದಕ್ಕೆ ಬೆಲೆ ತೆತ್ತವರು ಯಾರು. ಇಷ್ಟು ಸರಿ ಹೋದ ಪುಸ್ತಕದಲ್ಲಿ ಓದುಗರು ಉಳಿದ ತಪ್ಪೆಲ್ಲ ಹೊಟ್ಟೆಗೆ ಹಾಕ್ಕೊಳ್ತಾರೆ, ಇದು ಸರಿ ಹೋಗದೆ ಇದ್ರೆ ಬರವಣಿಗೆ ಎಷ್ಟೇ ಚೆನ್ನಾಗಿದ್ರೂ ಮೂಗು ಮುರೀತಾರೆ.

ಈ ನಂಟಿನ ಐಡಿಯಾ ಎಲ್ಲಿಂದ ಬಂತು ಅಂತ ಸ್ವಲ್ಪ ನೋಡೋಣ, ಯಾಕಂದ್ರೆ ಇವತ್ತಿನ ಜಗಳದ ಬೀಜ ಅಲ್ಲೇ ಬಿದ್ದಿರೋದು. 1967ರ ಅಕ್ಟೋಬರ್‌ನಲ್ಲಿ ಆನಲಾಗ್ ಅನ್ನೋ ಅಮೆರಿಕನ್ ಸೈನ್ಸ್ ಫಿಕ್ಷನ್ ಮ್ಯಾಗಜೀನ್‌ನಲ್ಲಿ ಆ್ಯನ್ ಮೆಕ್ಯಾಫ್ರಿ ಅವರ ಒಂದು ನೀಳ್ಗತೆ ಬಂತು, ಪರ್ನ್ ಅನ್ನೋ ಗ್ರಹದ ಡ್ರ್ಯಾಗನ್‌ಗಳು, ಅವುಗಳ ಸವಾರರು. ಮುಂದಿನ ವರ್ಷ ಅದಕ್ಕೆ ಸೈನ್ಸ್ ಫಿಕ್ಷನ್, ಫ್ಯಾಂಟಸಿಗೆ ಕೊಡೋ ಹ್ಯೂಗೋ ಪ್ರಶಸ್ತಿ ಬಂತು, ಕಥಾ ಸಾಹಿತ್ಯಕ್ಕೆ ಹ್ಯೂಗೋ ಗೆದ್ದ ಮೊದಲ ಹೆಣ್ಣುಮಗಳು ಅವರೇ, 1968ರಲ್ಲೇ ಅದು ಬೆಳೆದು ಡ್ರ್ಯಾಗನ್‌ಫ್ಲೈಟ್ ಅನ್ನೋ ಕಾದಂಬರಿ ಆಯ್ತು. ಅಲ್ಲಿ ಮೊಟ್ಟೆ ಒಡೆದು ಬರೋ ಮರಿ, ಸುತ್ತ ನಿಂತಿರೋ ಹುಡುಗ ಹುಡುಗೀರಲ್ಲಿ ಒಬ್ಬರನ್ನ ಆರಿಸ್ಕೊಳತ್ತೆ, ಆ ಕ್ಷಣದಿಂದ ಇಬ್ಬರ ಮನಸ್ಸೂ ಒಂದಕ್ಕೊಂದು ಕೇಳ್ಸತ್ತೆ, ಬಾಯಿ ಬಿಟ್ಟು ಮಾತಾಡೋ ಅಗತ್ಯ ಇರಲ್ಲ, ಸಾಯೋ ತನಕ ಅದೇ ಜೊತೆ. ಇದಕ್ಕೆ ಅವರು ಇಂಪ್ರೆಷನ್ ಅಂತ ಹೆಸರಿಟ್ರು. ಪ್ರಾಣಿಗಳ ನಡವಳಿಕೆ ಓದಿದವರಿಗೆ ಕೊನ್ರಾಡ್ ಲೊರೆಂಜ್ ನೆನಪಾಗ್ತಾರೆ, 1930ರ ದಶಕದಲ್ಲಿ ಬಾತುಕೋಳಿ ಜಾತಿಯ ಗ್ರೇಲ್ಯಾಗ್ ಮರಿಗಳು ಮೊಟ್ಟೆಯಿಂದ ಹೊರಗೆ ಬಂದ ತಕ್ಷಣ ಕಂಡವರನ್ನೇ ತಾಯಿ ಅನ್ಕೊಂಡು ಹಿಂದೆ ಹಿಂದೆ ಬರೋದನ್ನ ತೋರಿಸಿಕೊಟ್ಟವರು. ಮರಿಗಳು ಇವರ ಹಿಂದೇನೇ ನಡ್ಕೊಂಡು ಹೋಗ್ತಿದ್ವು. ಈ ವಿಷಯ ಮನಸ್ಸಲ್ಲಿ ಇಟ್ಕೊಳಿ, ಮತ್ತೆ ಬರ್ತೀನಿ.

ಮೆಕ್ಯಾಫ್ರಿ ಚಿಕ್ಕ ವಯಸ್ಸಿನ ಓದುಗರಿಗೆ ಅಂತಾನೇ 1976ರಲ್ಲಿ ಡ್ರ್ಯಾಗನ್‌ಸಾಂಗ್ ಬರೆದ್ರು. ಮೆನೊಲಿ ಅನ್ನೋ ಹುಡುಗಿ, ಹಾಡು ಕಟ್ಟೋಳು, ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ ಅಂತ ಅಪ್ಪ ಹಾಡೋದನ್ನೇ ನಿಲ್ಲಿಸ್ತಾನೆ. ಅವಳು ಮನೆ ಬಿಟ್ಟು ಸಮುದ್ರದ ದಡದ ಒಂದು ಗವಿ ಸೇರ್ಕೊಳ್ತಾಳೆ. ಅಲ್ಲಿ ಫೈರ್ ಲಿಝರ್ಡ್ ಅನ್ನೋ ಪುಟ್ಟ ಡ್ರ್ಯಾಗನ್‌ಗಳ ಮೊಟ್ಟೆ ಒಡೆಯತ್ತೆ, ಹೊರಗೆ ಆಕಾಶದಿಂದ ಎಲ್ಲವನ್ನೂ ಸುಡೋ ಎಳೆ ಉದುರ್ತಿದೆ, ಮರಿಗಳು ಹಸಿವಿಗೆ ಹೊರಗೆ ಓಡಿದ್ರೆ ಸತ್ತೇ ಹೋಗತ್ವೆ. ಅವಳು ಮಾಡೋದು ಒಂದೇ, ಗವಿ ಬಾಯಲ್ಲಿ ಕೂತು ಕೈಗೆ ಸಿಕ್ಕಿದ್ದನ್ನ ಮರಿಗಳ ಬಾಯಿಗೆ ತುರುಕ್ತಾ ಹೋಗ್ತಾಳೆ, ಅಷ್ಟೇ, ಯಾವ ಭವಿಷ್ಯವಾಣಿನೂ ಇಲ್ಲ, ರಾಜವಂಶದ ರಕ್ತಾನೂ ಇಲ್ಲ. ಒಂಬತ್ತು ಮರಿ ಅವಳದ್ದಾಗತ್ವೆ. ಐವತ್ತು ವರ್ಷ ಹಿಂದಿನ ಪುಸ್ತಕ, ಇವತ್ತಿಗೂ ಅದನ್ನ ಓದಿದವರು ಆ ಗವಿ ಸೀನ್ ಬಗ್ಗೆ ಮಾತಾಡೋವಾಗ ದನಿ ಮೆತ್ತಗಾಗತ್ತೆ. ಅವಳಿಗೆ ಸಿಕ್ಕಿದ ಪ್ರೀತಿ ಅವಳ ಕೈಯಿಂದಾನೇ ಹುಟ್ಟಿದ್ದು ಅನ್ನೋದು ಅದಕ್ಕೆ ಕಾರಣ ಅಂತ ನನ್ನ ನಂಬಿಕೆ.

ನನ್ನ ಅಕ್ಕನ ಮಗಳಿಗೆ ಈಗ ಹದಿನಾಲ್ಕು. ಒಂದೇ ಪ್ರತಿ ಇಬ್ಬರೂ ಓದ್ತೀವಿ, ಅವಳು ಪೆನ್ಸಿಲ್‌ನಲ್ಲಿ ಗೆರೆ ಎಳೀತಾಳೆ, ನಾನು ಆಮೇಲೆ ಓದೋವಾಗ ಆ ಗೆರೆಗಳನ್ನೂ ಓದ್ತೀನಿ. ಅವಳು ಗೆರೆ ಎಳೆದಿರೋದು ಹಾರಾಟಕ್ಕಲ್ಲ, ಬೆಂಕಿಗಲ್ಲ. ಹೀರೋ ಏನೂ ಹೇಳದೇ ಇದ್ದಾಗಲೂ ಡ್ರ್ಯಾಗನ್‌ಗೆ ಅವನ ಬೇಜಾರು ಗೊತ್ತಾಗೋ ಕಡೆ ಎಲ್ಲಾ ಗೆರೆ. ಒಂದ್ಸಲ ಕೇಳಿದೆ, ಇದೆಲ್ಲ ಸ್ವಲ್ಪ ಸುಲಭ ಆಯ್ತು ಅನ್ಸಲ್ವೇನೇ, ಏನೂ ಮಾಡದೇ ಸಿಕ್ಕಿಬಿಡತ್ತಲ್ಲ ಅಂತ. "ಚಿಕ್ಕಿ, ಸುಲಭಕ್ಕೆ ಸಿಗಬೇಕು, ಅದಕ್ಕೇ ತಾನೇ ಓದೋದು, ಸ್ಕೂಲಲ್ಲಿ ಎಲ್ಲಾದಕ್ಕೂ ಮಾರ್ಕ್ಸ್ ತಗೊಂಡೇ ಸಿಗೋದು" ಅಂದ್ಲು. ನಾನು ಆ ಮಾತನ್ನ ತುಂಬಾ ದಿನ ಮೆಲುಕು ಹಾಕಿದೀನಿ. ಹದಿನಾಲ್ಕಕ್ಕೆ ಎಲ್ಲರೂ ಅಳೀತಾನೇ ಇರ್ತಾರೆ, ಮೇಷ್ಟ್ರು ಅಳೀತಾರೆ, ಮನೇಲಿ ಅಳೀತಾರೆ, ಫ್ರೆಂಡ್ಸ್ ಅಳೀತಾರೆ. ಒಂದು ದೊಡ್ಡ ಜೀವ ಬಂದು, ಏನನ್ನೂ ಕೇಳದೇ, ನೀನೇ ನನ್ನೋನು ಅಂದ್ರೆ ಆ ವಯಸ್ಸಿಗೆ ಅದಕ್ಕಿಂತ ದೊಡ್ಡ ಕಥೆ ಬೇರೆ ಇಲ್ಲ. ಮೂವತ್ತೈದು ನಲವತ್ತರ ಓದುಗರಿಗೆ ಅದೇ ಜಾಗ ಚುಚ್ಚತ್ತೆ, ಯಾಕಂದ್ರೆ ಅಷ್ಟೊತ್ತಿಗೆ ನಂಟು ಅಂದ್ರೆ ದಿನಾ ನೀರು ಹಾಕಿದ್ರೆ ಮಾತ್ರ ಉಳಿಯೋದು ಅಂತ ಬದುಕು ಕಲಿಸಿರತ್ತೆ.

ಇದು ಬರೀ ನಮ್ಮಿಬ್ಬರ ವಿಷಯ ಅಲ್ಲ. 2012ರಲ್ಲಿ ಬೌಕರ್ ಅನ್ನೋ ಮಾರ್ಕೆಟ್ ರಿಸರ್ಚ್ ಸಂಸ್ಥೆ ಅಮೆರಿಕದಲ್ಲಿ ನೋಡಿದಾಗ ಯಂಗ್ ಅಡಲ್ಟ್ ಪುಸ್ತಕ ಕೊಳ್ಳೋರಲ್ಲಿ 55% ಜನ 18 ದಾಟಿದವರೇ ಇದ್ರು, ಅವರು ಕೊಂಡಿದ್ದರಲ್ಲಿ ಹೆಚ್ಚಿನದು ಮಕ್ಕಳಿಗೆ ಉಡುಗೊರೆ ಕೊಡೋಕಲ್ಲ, ತಾವೇ ಓದೋಕೆ. ಅಂದ್ರೆ ಹದಿಮೂರು ಹದಿನಾಲ್ಕರ ಓದುಗರಿಗೆ ಅಂತ ಬರೆದ ಪುಸ್ತಕಕ್ಕೆ ತೀರ್ಪು ಕೊಡೋರಲ್ಲಿ ಬಹಳ ಜನ ಆ ವಯಸ್ಸು ಯಾವತ್ತೋ ದಾಟಿದವರು. ಬಾಲಿಶ ಅಂತ ಯಾರಾದ್ರೂ ಹೇಳ್ದಾಗ ನನಗೆ ಮೊದಲು ಕೇಳ್ಬೇಕು ಅನ್ಸೋದು ನಿಮಗೆಷ್ಟು ವಯಸ್ಸು ಅಂತ. ಅಭಿಪ್ರಾಯ ತಪ್ಪು ಅಂತಲ್ಲ, ಎಲ್ಲಿ ನಿಂತು ನೋಡ್ತಿದಾರೆ ಅಂತ ಗೊತ್ತಾದ್ರೆ ಆ ಮಾತಿಗೆ ತೂಕ ಬೇರೆ ಬರತ್ತೆ. ಎರಗಾನ್ ಬರೆಯೋಕೆ ಶುರು ಮಾಡ್ದಾಗ ಕ್ರಿಸ್ಟೋಫರ್ ಪಾವೊಲೀನಿಗೆ 15 ವರ್ಷ, 2002ರಲ್ಲಿ ಅಪ್ಪ ಅಮ್ಮಾನೇ ಪ್ರಿಂಟ್ ಮಾಡಿಸಿದ್ರು, 2003ರಲ್ಲಿ ದೊಡ್ಡ ಪಬ್ಲಿಷರ್ ತಗೊಂಡ್ರು. ಹಳ್ಳಿ ಹುಡುಗ, ಗಡ್ಡದ ಗುರು, ಕೆಟ್ಟ ರಾಜ, ಇದೆಲ್ಲ ಎರವಲು ಸಾಮಾನು ಅಂತ ದೊಡ್ಡವರು ಅವತ್ತೂ ಅಂದ್ರು, ಇವತ್ತೂ ಅಂತಾರೆ, ಅದ್ರಲ್ಲಿ ಸುಳ್ಳೇನಿಲ್ಲ. ಆದ್ರೆ ಹದಿನೈದರ ಹುಡುಗನಿಗೆ ಏನು ಬೇಕಿತ್ತೋ ಅದನ್ನ ಹದಿನೈದರ ಹುಡುಗಾನೇ ಬರೆದಿದಾನೆ, ಅದಕ್ಕೇ ಸಫೀರಾ ಅಷ್ಟು ಜನಕ್ಕೆ ಹತ್ತಿರದೋಳಾದ್ಲು.

ಈಗ 2023ರ ಮೇ ತಿಂಗಳಿಗೆ ಬರೋಣ. ಒಂದೇ ತಿಂಗಳಲ್ಲಿ ಡ್ರ್ಯಾಗನ್ ನಂಟಿನ ಎರಡು ಪುಸ್ತಕ ಬಂದ್ವು. ಒಂದು ರೆಬೆಕಾ ಯಾರೋಸ್ ಅವರ ಫೋರ್ತ್ ವಿಂಗ್, ಇನ್ನೊಂದು ಮೊನಿಕ್ವಿಲ್ ಬ್ಲ್ಯಾಕ್‌ಗೂಸ್ ಅವರ ಟು ಶೇಪ್ ಎ ಡ್ರ್ಯಾಗನ್ಸ್ ಬ್ರೆತ್. ಮೊದಲನೇದು ಯಂಗ್ ಅಡಲ್ಟ್ ಅಲ್ಲವೇ ಅಲ್ಲ, ಹೀರೋಯಿನ್‌ಗೆ 20, ಬೆಡ್‌ರೂಮ್ ಸೀನ್‌ಗಳು ಬಿಚ್ಚಿಟ್ಟ ಹಾಗೆ ಇವೆ, ಆದ್ರೂ ಕಾಲೇಜು, ಪರೀಕ್ಷೆ, ಡ್ರ್ಯಾಗನ್ ಅಂದ ತಕ್ಷಣ ಜನ ಅದನ್ನ ಯಂಗ್ ಅಡಲ್ಟ್ ಶೆಲ್ಫ್‌ಗೇ ಹಾಕ್ತಾರೆ, ಆಮೇಲೆ ಮಗಳಿಗೆ ಕೊಟ್ಟು ಗಾಬರಿ ಬೀಳ್ತಾರೆ, ಓದಿದವರ ಸಿಟ್ಟಲ್ಲಿ ಒಂದು ಪಾಲು ಈ ಗೊಂದಲದ್ದೇ. ದಯವಿಟ್ಟು ಹಿಂದಿನ ಕವರ್ ನೋಡಿ ಕೊಡಿ. ಇದರ ಮೂರನೇ ಭಾಗ ಆನಿಕ್ಸ್ ಸ್ಟಾರ್ಮ್ 2025ರ ಜನವರಿಲಿ ಬಂದು ಒಂದೇ ವಾರದಲ್ಲಿ 27 ಲಕ್ಷ ಪ್ರತಿ ದಾಟಿತು, ಅಂದ್ರೆ ಡ್ರ್ಯಾಗನ್ ಕಥೆಗೆ ಹಸಿವು ಎಷ್ಟಿದೆ ನೋಡಿ.

ಫೋರ್ತ್ ವಿಂಗ್ ಬೈಯೋರು ಕೂಡ ಟೇರ್ನ್ ಅನ್ನೋ ಕಪ್ಪು ಡ್ರ್ಯಾಗನ್‌ನ ಮಾತ್ರ ಬೈಯಲ್ಲ, ಇದನ್ನ ಗಮನಿಸಿದೀನಿ. ಅದು ಸಿಡುಕು, ಯಾರ ಮಾತೂ ಕೇಳಲ್ಲ, ಸವಾರಳನ್ನೇ ಗದರಿಸತ್ತೆ. ಅಲ್ಲಿ ಡ್ರ್ಯಾಗನ್‌ಗಳೇ ಆರಿಸೋದು, ಇಷ್ಟ ಆಗದೇ ಇದ್ದವರನ್ನ ಸುಟ್ಟೂ ಹಾಕತ್ವೆ. ಡ್ರ್ಯಾಗನ್ ಸತ್ರೆ ಸವಾರ ಸಾಯ್ತಾನೆ, ಸವಾರ ಸತ್ರೆ ಡ್ರ್ಯಾಗನ್ ಸಾಮಾನ್ಯವಾಗಿ ಬದುಕ್ಕೊಳತ್ತೆ. ಪರ್ನ್‌ನಲ್ಲಿ ಇದು ಉಲ್ಟಾ, ಸವಾರ ಸತ್ರೆ ಡ್ರ್ಯಾಗನ್ ತಾನೂ ಜೀವ ಬಿಡತ್ತೆ, ಡ್ರ್ಯಾಗನ್ ಸತ್ತ ಸವಾರ ಅರ್ಧ ಜೀವ ಆಗಿ ಉಳ್ಕೊಳ್ತಾನೆ. ಯಾರ ಸಾವಿಗೆ ಯಾರು ಕಟ್ಟುಬಿದ್ದಿದಾರೆ ಅನ್ನೋ ಒಂದೇ ನಿಯಮ ತಿರುಗಿದ್ರೆ ಇಡೀ ಪುಸ್ತಕದ ಮನಸ್ಸೇ ತಿರುಗತ್ತೆ, ಯಾರು ಯಜಮಾನ ಅನ್ನೋದು ತಿರುಗತ್ತೆ. ಓದುಗರು ಇದನ್ನ ಈ ಮಾತಲ್ಲಿ ಹೇಳದೇ ಇರಬಹುದು, ಡ್ರ್ಯಾಗನ್ ಸೂಪರ್, ಉಳಿದಿದ್ದು ಪರವಾಗಿಲ್ಲ ಅಂತಷ್ಟೇ ಅಂತಾರೆ, ಆದ್ರೆ ಅವರಿಗೆ ತಟ್ಟಿರೋದು ಅದೇ.

ಎರಡನೇ ಪುಸ್ತಕದ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ಅದು ನಿಜವಾಗ್ಲೂ ಯಂಗ್ ಅಡಲ್ಟ್, 2024ರಲ್ಲಿ ಆ ವಿಭಾಗದ ಲೋಡ್‌ಸ್ಟಾರ್ ಮತ್ತು ಆಂಡ್ರೆ ನಾರ್ಟನ್ ಪ್ರಶಸ್ತಿ ಎರಡನ್ನೂ ತಗೊಂಡಿದೆ, ಮತ್ತೆ ಓದುಗರು ಇಬ್ಭಾಗ ಆಗಿರೋದು ಇಲ್ಲಿ ತುಂಬಾ ಸ್ಪಷ್ಟವಾಗಿ ಕಾಣತ್ತೆ. ಆನೆಕ್ವಸ್ ಅನ್ನೋ ಮೂಲನಿವಾಸಿ ಹುಡುಗಿ, ದ್ವೀಪದ ಜನ, ಅವರಲ್ಲಿ ತಲೆಮಾರುಗಳಿಂದ ಡ್ರ್ಯಾಗನ್ನೇ ಇಲ್ಲ. ಒಂದು ಮೊಟ್ಟೆ ಸಿಗತ್ತೆ, ಮರಿ ಅವಳನ್ನ ಆರಿಸ್ಕೊಳತ್ತೆ, ಜನ ಸಂತೋಷದಿಂದ ಕುಣೀತಾರೆ. ಆದ್ರೆ ಆ ನೆಲವನ್ನ ಗೆದ್ದು ಕೂತಿರೋ ಆಂಗ್ಲಿಷ್ ಜನಕ್ಕೆ ಡ್ರ್ಯಾಗನ್ ಅಂದ್ರೆ ತಳಿ ಮಾಡೋ, ಲೈಸೆನ್ಸ್ ತಗೊಳೋ ವಸ್ತು. ಅವರ ಅಕಾಡೆಮಿಗೆ ಸೇರಿ ಅವರ ಥರ ಪಾಸಾಗಬೇಕು, ಇಲ್ಲಾಂದ್ರೆ ಮರಿ ಕಸಾಕ್ವಾನ ಕೊಲ್ತಾರೆ. ಬರೆದವರು ಸ್ವತಃ ಸೀಕಾಂಕ್ ವಾಂಪನೋಗ್ ಬುಡಕಟ್ಟಿನವರು, ಆ ಸಿಟ್ಟು, ಆ ತಾಳ್ಮೆ ಎರಡೂ ಎಲ್ಲಿಂದಲೋ ತಂದಿದ್ದಲ್ಲ ಅಂತ ಪುಟ ಪುಟದಲ್ಲೂ ಗೊತ್ತಾಗತ್ತೆ.

ಇದರ ಬಗ್ಗೆ ಬರೋ ದೂರು ಮುಖ್ಯವಾಗಿ ಮೂರು ಥರ. ಡ್ರ್ಯಾಗನ್ ಕಥೆ ಅಂತ ತಗೊಂಡ್ರೆ ಡ್ರ್ಯಾಗನ್ ಇನ್ನೂ ಮರಿ, ಹಾರಾಟ ಯುದ್ಧ ಏನಿಲ್ಲ, ಸಫೀರಾ ಥರ ತಲೆ ಒಳಗೆ ಬಂದು ಹರಟೆ ಹೊಡೆಯಲ್ಲ ಅನ್ನೋದು ಒಂದು. ಕ್ಲಾಸ್‌ರೂಮಿನ ಪಾಠಾನೇ ಪುಟಗಟ್ಟಲೆ, ಡ್ರ್ಯಾಗನ್ ಉಸಿರು ವಸ್ತುಗಳನ್ನ ಮೂಲಧಾತುಗಳಾಗಿ ಒಡೆಯತ್ತೆ, ಅದನ್ನ ಆಕಾರಗಳು ಬರೆದು ಹಿಡಿತಕ್ಕೆ ತರಬೇಕು ಅನ್ನೋ ಕೆಮಿಸ್ಟ್ರಿ, ಅದೂ ಆ ಲೋಕದ ಬೇರೆ ಹೆಸರುಗಳಲ್ಲಿ, ಇದಕ್ಕೆ ಎಷ್ಟೋ ಜನ ಸುಸ್ತಾಗಿ ಕೆಳಗಿಟ್ಟಿದಾರೆ. ಇನ್ನೊಂದು ದೂರು ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು, ಆನೆಕ್ವಸ್ ಯಾವತ್ತೂ ಅಳುಕಲ್ಲ, ತನ್ನ ಜನ ಸರಿ ಅನ್ನೋದ್ರಲ್ಲಿ ಅವಳಿಗೆ ಅನುಮಾನಾನೇ ಬರಲ್ಲ, ಹಾಗಿದ್ರೆ ಪಾತ್ರ ಬೆಳೆಯೋದು ಎಲ್ಲಿ ಅಂತ.

ಕೆಮಿಸ್ಟ್ರಿ ದೂರು ನಾನೂ ಒಪ್ತೀನಿ, ಮಧ್ಯದಲ್ಲಿ ಎರಡು ಮೂರು ಕಡೆ ನನಗೂ ಪುಟ ಹಾರಿಸೋಣ ಅನ್ಸಿತ್ತು. ಆದ್ರೆ ಅಳುಕಲ್ಲ ಅನ್ನೋ ದೂರು ಒಪ್ಪೋಕೆ ಆಗಲ್ಲ. ಸುತ್ತಲಿರೋ ಅಷ್ಟೂ ಜನ ನೀನು ಕಾಡುಜನ, ನಿನಗೆ ಡ್ರ್ಯಾಗನ್ ಇಟ್ಕೊಳೋ ಯೋಗ್ಯತೆ ಇಲ್ಲ ಅಂತಿರೋವಾಗ ಆ ಹುಡುಗಿ ತನ್ನನ್ನ ತಾನು ಅನುಮಾನಿಸ್ತಾ ಕೂರ್ಬೇಕು ಅಂತ ನಾವು ಯಾಕೆ ಬಯಸ್ತೀವಿ? ಅನುಮಾನ ಪಡೋ ಹೀರೋಯಿನ್‌ಗಳನ್ನ ಓದಿ ಓದಿ ನಮಗೆ ಅದೇ ಬೆಳವಣಿಗೆ ಅಂತ ಅಭ್ಯಾಸ ಆಗಿಬಿಟ್ಟಿದೆ. ಇಲ್ಲಿ ಬದಲಾಗಬೇಕಿರೋದು ಅವಳ ಸುತ್ತಲಿನ ಲೋಕ. ಡ್ರ್ಯಾಗನ್ ಹೆಚ್ಚು ಕಾಣಿಸ್ಕೊಳಲ್ಲ ಅನ್ನೋದಕ್ಕೂ ನನಗೆ ಅದೇ ಉತ್ತರ, ಈ ಪುಸ್ತಕದಲ್ಲಿ ನಂಟು ಅಂದ್ರೆ ಹೊಣೆ. ಅವಳಿಗೆ ಆ ಮರಿ ಆಯುಧ ಅಲ್ಲ, ಕಾಪಾಡ್ಕೊಬೇಕಾದ ಒಂದು ಜೀವ. ಮರಿ ಬೆಳೆದು ಬೆಂಕಿ ಉಗುಳಿ ಶತ್ರು ಸುಡಬೇಕು ಅಂತ ಕಾಯ್ಕೊಂಡು ಕೂತವರಿಗೆ ನಿರಾಸೆ ಆಗೋದು ಸಹಜ, ಅವರು ಬಂದಿದ್ದೇ ಬೇರೆ ಊಟಕ್ಕೆ.

ಹಳೇ ಪುಸ್ತಕಗಳನ್ನ ಇವತ್ತಿನ ಓದುಗರು ಓದ್ದಾಗ ಜಗಳ ಇನ್ನೂ ತೀಕ್ಷ್ಣ. ಪರ್ನ್ ಕಥೆಗಳಲ್ಲಿ ಡ್ರ್ಯಾಗನ್‌ಗಳು ಕೂಡೋ ಸಮಯಕ್ಕೆ ಅವುಗಳ ಆವೇಗ ಸವಾರರ ಮೈಮೇಲೂ ಬರತ್ತೆ, ಅವರಿಗೆ ಬೇಕಿತ್ತೋ ಬೇಡವಾಗಿತ್ತೋ ಯಾರೂ ಕೇಳಲ್ಲ. ಅವತ್ತು ಅದು ರೋಮಾಂಚನ ಅನ್ನಿಸ್ಕೊಂಡಿತ್ತು. ಇವತ್ತು ಹದಿನಾರರ ಹುಡುಗಿ ಓದಿ ಇಲ್ಲಿ ಒಪ್ಪಿಗೆ ಎಲ್ಲಿದೆ ಅಂತ ಕೇಳಿದ್ರೆ, ಕಾಲ ಹಂಗಿತ್ತು ಅಂತ ಅವಳ ಬಾಯಿ ಮುಚ್ಚಿಸೋದು ನನಗೆ ಸರಿ ಕಾಣಲ್ಲ. ಪುಸ್ತಕಾನ ಪ್ರೀತಿಸ್ತಾನೇ ಆ ಜಾಗ ತಪ್ಪು ಅಂತ ಹೇಳಬಹುದು, ನಾನು ಹಾಗೇ ಹೇಳ್ತೀನಿ.

ದೊಡ್ಡವರಿಗೆ ಬರೆದಿದ್ರೂ ಈ ಪ್ರಶ್ನೆಗೆ ಚೆನ್ನಾಗಿ ಮುಖ ಕೊಟ್ಟಿರೋದು ನವೋಮಿ ನೋವಿಕ್ ಅವರ ಟೆಮೆರೇರ್ ಸರಣಿ, 2006ರಲ್ಲಿ ಶುರುವಾಗಿ 2016ರ ತನಕ ಒಂಬತ್ತು ಪುಸ್ತಕ, ನೆಪೋಲಿಯನ್ ಯುದ್ಧದ ಕಾಲ. ಹಡಗಲ್ಲಿ ಮೊಟ್ಟೆ ಒಡೆಯೋ ಸಮಯ, ಮರಿಗೆ ಯಾರು ಸವಾರ ಆಗ್ಬೇಕು ಅಂತ ಚೀಟಿ ಎತ್ತಿರ್ತಾರೆ, ಒಬ್ಬ ಹುಡುಗನ ಹೆಸರು ಬಂದಿರತ್ತೆ. ಮರಿ ಹೊರಗೆ ಬಂದು ಆ ಹುಡುಗನನ್ನ ದಾಟ್ಕೊಂಡು ನೇರ ಕ್ಯಾಪ್ಟನ್ ಲಾರೆನ್ಸ್ ಹತ್ರ ಹೋಗಿ ಯಾಕೆ ಮುಖ ಗಂಟು ಹಾಕಿದೀಯ ಅಂತ ಕೇಳತ್ತೆ. ಲಾರೆನ್ಸ್‌ಗೆ ಅದು ಖುಷಿ ಅಲ್ಲ, ನೇವಿ ಕೆಲಸ, ಮದುವೆ ಆಸೆ, ಅಪ್ಪನ ಒಪ್ಪಿಗೆ ಎಲ್ಲಾ ಕೈ ತಪ್ಪತ್ತೆ. ಮುಂದೆ ಮುಂದೆ ಆ ಡ್ರ್ಯಾಗನ್ನೇ ನಮಗೂ ಸಂಬಳ ಬೇಕು, ಹಕ್ಕು ಬೇಕು ಅಂತ ನಿಲ್ಲತ್ತೆ. ಯಂಗ್ ಅಡಲ್ಟ್ ಬರೆಯೋರು ಈ ಕಡೆ ಇನ್ನೂ ಧೈರ್ಯವಾಗಿ ಬರಬೇಕು ಅಂತ ನನಗೆ ತುಂಬಾ ಆಸೆ, ಹದಿಹರೆಯದವರಿಗೆ ಇದು ಅರ್ಥ ಆಗಲ್ಲ ಅನ್ನೋದು ನಮ್ಮ ತಪ್ಪು ಲೆಕ್ಕ.

ಇನ್ನು ಈ ಸ್ಟಾರ್ ಲೆಕ್ಕ. ಓದುಗರು ಪುಸ್ತಕಗಳಿಗೆ ಸ್ಟಾರ್ ಕೊಡೋ ಗುಡ್‌ರೀಡ್ಸ್ ಅನ್ನೋ ವೆಬ್‌ಸೈಟ್‌ನಲ್ಲಿ ಎರಡು ಸ್ಟಾರ್ ಅಂದ್ರೆ ಪರವಾಗಿಲ್ಲ ಅಂತ ಅರ್ಥ, ಮೂರು ಅಂದ್ರೆ ಇಷ್ಟ ಆಯ್ತು ಅಂತ, ಅವರೇ ಹಂಗೆ ಬರೆದಿಟ್ಟಿದಾರೆ. ಆದ್ರೆ ಮೂರು ಕೊಟ್ಟವರೂ ಅದನ್ನ ನೋಡಿದವರೂ ಅದನ್ನ ಫೇಲ್ ಮಾರ್ಕ್ಸ್ ಥರಾನೇ ನೋಡ್ತಾರೆ. ಮರಿ ಹಾರಲಿಲ್ಲ ಅಂತ ಎರಡು ಕೊಟ್ಟವರು, ಒಪ್ಪಿಗೆ ಪ್ರಶ್ನೆಗೆ ಎರಡು ಕೊಟ್ಟವರು, ಮಗಳಿಗೆ ಕೊಟ್ಟು ಗಾಬರಿ ಬಿದ್ದು ಎರಡು ಕೊಟ್ಟವರು, ಎಲ್ಲಾ ಸೇರಿ ಒಂದು ಸರಾಸರಿ ಆಗತ್ತೆ, ಅದು ಯಾರ ಮಾತೂ ಅಲ್ಲ. ಪುಸ್ತಕ ತಗೊಳೋ ಮುಂಚೆ ನಾನು ನಂಬರ್ ಬಿಟ್ಟು ಮಧ್ಯದ ಸ್ಟಾರ್ ಕೊಟ್ಟವರ ಮಾತು ಓದ್ತೀನಿ, ಅವರು ಏನು ಇಷ್ಟ ಆಯ್ತು ಏನು ಆಗಲಿಲ್ಲ ಎರಡನ್ನೂ ಹೇಳಿರ್ತಾರೆ, ಅದರಲ್ಲಿ ಡ್ರ್ಯಾಗನ್ ಬಗ್ಗೆ ಎಷ್ಟು ಸಾಲು ಇದೆ ಅಂತ ನೋಡ್ತೀನಿ. ಒಂದು ಸಾಲೂ ಇಲ್ಲಾಂದ್ರೆ ಆ ಪುಸ್ತಕದಲ್ಲಿ ಡ್ರ್ಯಾಗನ್ ಬರೀ ಕುದುರೆ ಅಂತ ಅನ್ಕೊಳ್ತೀನಿ, ಇಲ್ಲಿ ತನಕ ಅದು ಹೆಚ್ಚಾಗಿ ಸುಳ್ಳಾಗಿಲ್ಲ.

ಹೋದ ವಾರ ಅಕ್ಕನ ಮಗಳು ಆನೆಕ್ವಸ್ ಪುಸ್ತಕ ಮುಗಿಸಿದ್ಲು. ಈ ಸಲ ಗೆರೆ ಕಮ್ಮಿ ಇತ್ತು, ಮೊಟ್ಟೆ ಒಡೆಯೋ ಪುಟದಲ್ಲಿ ಮಾತ್ರ ಪಕ್ಕದಲ್ಲಿ ಒಂದು ಪ್ರಶ್ನೆ ಬರೆದಿದ್ಲು, ಈಗಷ್ಟೇ ಹುಟ್ಟಿರೋ ಮರಿಗೆ ಏನೂ ಗೊತ್ತಿರಲ್ಲ, ಅದು ಆರಿಸ್ಕೊಂಡ್ರೆ ಅದು ಆರಿಸ್ಕೊಂಡ ಹಾಗೆ ಆಗತ್ತಾ, ಅಂತ. ನನಗೆ ಲೊರೆಂಜ್ ಹಿಂದೆ ಸಾಲಾಗಿ ನಡೀತಿದ್ದ ಆ ಮರಿಗಳು ನೆನಪಾದ್ವು, ಅವಳಿಗೆ ಆ ಕಥೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ದೊಡ್ಡದಾದ್ಮೇಲೆ ಇನ್ನೊಂದ್ಸಲ ಕೇಳ್ಬೇಕು ಅಲ್ವಾ ಚಿಕ್ಕಿ, ಇನ್ನೂ ಇರ್ತೀಯಾ ಅಂತ" ಅಂದ್ಲು. ಹಂಗೆ ಕೇಳೋ ಪುಸ್ತಕ ಯಾವ್ದಾದ್ರೂ ಇದ್ಯಾ ಅಂತ ನಾವಿಬ್ಬರೂ ಶೆಲ್ಫ್ ಮುಂದೆ ಕೂತು ಹುಡುಕ್ತಾ ಇದೀವಿ.